ಅತ್ತೆ ಮೇಲಿನ ಕೋಪ, ಕೊತ್ತಿಯ ಪಾಡು, ಅರವತ್ತರ ಅರಳುಮರಳು

ಮನಸ್ಸು ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆಯ, ಅಂದರೆ ರಕ್ಷಣಾ ತಂತ್ರಗಳ ಕುರಿತು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮನೆಯ ಹಿರಿಯರದೇ ಸುದ್ದಿ. ಗುರುತು ಸಿಗದಂತೆ ಕೆಲವನ್ನು ಮೊಟಕುಗೊಳಿಸಿ ಇಲ್ಲಿ ಕೊಟ್ಟಿದ್ದೇವೆ. ಉತ್ತರ ನಮ್ಮ ಮನೋವೈದ್ಯರು ಮತ್ತು ಆಪ್ತಸಮಾಲೋಚಕರ ತಂಡದ್ದು.

ಅಪ್ಪನಿಗೆ 61. ಕಳೆದ ವರ್ಷ ನಿವೃತ್ತರಾದರು. ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ ಎಚ್‌ಬಿಎ1ಸಿ 9.2 ಬಂದಿದೆ. ‘ಲ್ಯಾಬಿನವರದೇ ತಪ್ಪು, ನಾನು ಗುಂಡುಕಲ್ಲಿನ ಹಾಗಿದ್ದೇನೆ’ ಅಂತಾರೆ, ಮಾತ್ರೆ ಮುಟ್ಟಲ್ಲ. ಸಿಟ್ಟೆಲ್ಲ ಅಮ್ಮನ ಮೇಲೆ. ಇದು ಮಾನಸಿಕ ಕಾಯಿಲೆಯೇ?
— ಮಗಳು, ಹಾಸನ

ಇಷ್ಟಕ್ಕೇ ಕಾಯಿಲೆ ಅನ್ನಲಾಗದು. ನಿಮ್ಮ ತಂದೆಯ ಮನಸ್ಸು ಇಲ್ಲಿ ಎರಡು ಕೆಲಸ ಮಾಡುತ್ತಿದೆ. ಒಂದು, ನಿರಾಕರಣೆ: ಕಣ್ಣೆದುರಿಗಿರುವುದನ್ನು ಇಲ್ಲ ಎನ್ನುವುದು. ಇನ್ನೊಂದು, ಸ್ಥಾನಪಲ್ಲಟ: ಒಂದೆಡೆ ಹುಟ್ಟಿದ ಸಿಟ್ಟನ್ನು ಅಪಾಯವಿಲ್ಲದ ಇನ್ನೊಂದೆಡೆ ಇಳಿಸುವುದು. ನಮ್ಮ ಹಿರಿಯರು ಇದನ್ನು ಆಗಲೇ ಹೇಳಿಟ್ಟಿದ್ದಾರೆ, ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದದ್ದು ಸಮಜಾಯಿಷಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದದ್ದು ಅದರ ತಮ್ಮ. ರಕ್ಷಣಾ ತಂತ್ರಗಳ ಪಾಠವನ್ನು ಗಾದೆಗಳಲ್ಲೇ ಮುಗಿಸಿಬಿಡಬಹುದು.

ಒಂದನ್ನು ಮಾತ್ರ ಗಾದೆಗಳು ಹೇಳುವುದಿಲ್ಲ. ಇವೆಲ್ಲ ಬೇಕೆಂದು ಮಾಡುವುದಲ್ಲ. ತಡೆದುಕೊಳ್ಳಲಾಗದ ಭಯ, ನಾಚಿಕೆ, ದುಃಖ ಎದುರಾದಾಗ ಮನಸ್ಸು ತನಗೇ ತಿಳಿಯದಂತೆ ಅದರ ಆಕಾರ ಬದಲಿಸುತ್ತದೆ. ತಂದೆ ಸುಳ್ಳು ಹೇಳುತ್ತಿಲ್ಲ, ಹಾಗಾಗಿ ‘ಸುಳ್ಳು ಹೇಳಬೇಡಿ’ ಎಂದು ವಾದಿಸಿ ಗೆಲ್ಲಲೂ ಆಗದು. ವಾದಿಸಿದಷ್ಟೂ ನಿರಾಕರಣೆ ಗಟ್ಟಿಯಾಗುತ್ತದೆ. ಕೆಟ್ಟ ಸುದ್ದಿ ಕೇಳಿದ ಮೊದಲ ಕೆಲವು ದಿನ ನಿರಾಕರಣೆಯಿಂದ ಉಪಕಾರವೂ ಉಂಟು, ಏಟನ್ನು ಕಂತು ಕಂತಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅದು ತಿಂಗಳುಗಟ್ಟಲೆ ಉಳಿದು ಚಿಕಿತ್ಸೆಯನ್ನೇ ತಡೆದಾಗ ತೊಂದರೆ.

ಮಾಡಬೇಕಾದ್ದು ಹೀಗೆ. ‘ಲ್ಯಾಬಿನವರದು ತಪ್ಪಿರಬಹುದು, ಇನ್ನೊಂದು ಕಡೆ ನೋಡಿಸೋಣ’ ಎಂದು ಅವರ ಮಾತನ್ನೇ ಹಿಡಿಯಿರಿ. ಎಚ್‌ಬಿಎ1ಸಿ ಎಂದರೆ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ. 6.5 ಅಥವಾ ಅದಕ್ಕೆ ಮೇಲಿದ್ದರೆ ಸಕ್ಕರೆ ಕಾಯಿಲೆ, 9.2 ಎಂಬುದು ಲ್ಯಾಬಿನ ಸಣ್ಣಪುಟ್ಟ ವ್ಯತ್ಯಾಸದಿಂದ ಬರುವ ಸಂಖ್ಯೆಯಲ್ಲ. ಮನೆಗೆ ಗ್ಲುಕೋಮೀಟರ್ ತಂದು, ಒಂದು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಗೆ ಒಮ್ಮೆ ನೋಡಿ ಬರೆದಿಡುವ ಪುಸ್ತಕವನ್ನು ಅವರ ಕೈಗೇ ಕೊಡಿ. ಕಚೇರಿಯ ಕಡತ ನೋಡಿದ ಕೈ ತನ್ನದೇ ಅಕ್ಷರದ ಲೆಕ್ಕವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ಮಾತಾಡುವಾಗ ಮೊಮ್ಮಕ್ಕಳ ಎದುರು ಬೇಡ, ಊಟದ ಹೊತ್ತಿನಲ್ಲಿ ಬೇಡ. ‘ಇದರಲ್ಲಿ ನಿಮಗೆ ಯಾವುದು ಹೆದರಿಕೆ?’ ಎಂದೊಮ್ಮೆ ಕೇಳಿ, ಸುಮ್ಮನಿರಿ. ಅವರಪ್ಪನ ಕಾಲು ಕತ್ತರಿಸಿದ್ದನ್ನೋ, ಯಾರೋ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದುದನ್ನೋ ಕಂಡ ನೆನಪು ಅಡಿಯಲ್ಲಿರುವುದುಂಟು.

ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಖಿನ್ನತೆಗೆ ತೋರಿಸಿ. ನಿವೃತ್ತಿಯ ನಂತರದ ಖಿನ್ನತೆ ಗಂಡಸರಲ್ಲಿ ಎಷ್ಟೋ ಸಲ ಅಳುವಾಗಿ ಬರದೆ ಸಿಡುಕಾಗಿ ಬರುತ್ತದೆ. ಮತ್ತೆ, ಕೊತ್ತಿಯ ಪಾತ್ರ ಅಮ್ಮನಿಗೆ ಕಾಯಂ ಆಗುವುದು ಬೇಡ. ಅವರು ಕೂಗಿದಾಗ ಅಮ್ಮ ಆ ಕೋಣೆಯಿಂದ ಹತ್ತು ನಿಮಿಷ ಹೊರಗಿದ್ದರೆ ಅದು ಅಗೌರವವಲ್ಲ.

ಅತ್ತೆಗೆ 74, ಮೊದಲಿನಿಂದ ಮೆತ್ತಗಿನ ಸ್ವಭಾವ. ಎಂಟು ತಿಂಗಳಿಂದ ‘ಕೆಲಸದವಳು ಬಳೆ ಕದ್ದಳು’, ‘ನೀನು ನನ್ನ ಪಿಂಚಣಿ ತೆಗೆದೆ’ ಅನ್ನುತ್ತಿದ್ದಾರೆ. ಬಳೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ನೆಂಟರು ‘ಅರವತ್ತಕ್ಕೆ ಅರಳುಮರಳು’ ಅಂತಾರೆ. ನನಗೆ ಇದು ‘ಪ್ರಕ್ಷೇಪಣೆ’ ಅನ್ನಿಸುತ್ತದೆ. ಅವರಿಗೆ ವ್ಯಕ್ತಿತ್ವ ದೋಷ ಇದೆಯೇ?
— ಸೊಸೆ, ಮೈಸೂರು

ಎರಡೂ ಅಲ್ಲ ಅನ್ನಿಸುತ್ತದೆ, ನೆಂಟರ ಮಾತಂತೂ ಖಂಡಿತ ಅಲ್ಲ. ಆ ಗಾದೆಯಿಂದ ತಡವಾದ ಚಿಕಿತ್ಸೆಗೆ ಲೆಕ್ಕವಿಲ್ಲ.

ವ್ಯಕ್ತಿತ್ವ ದೋಷದ, ಅಂದರೆ ಬದುಕನ್ನೇ ಕೆಡಿಸುವಂಥ ಸ್ವಭಾವದ ಬೇರು ಹದಿಹರೆಯದಲ್ಲಿ, ಹೆಚ್ಚೆಂದರೆ ಯೌವನದ ಆರಂಭದಲ್ಲಿ ಕಾಣಲೇಬೇಕು. ಎಪ್ಪತ್ತು ವರ್ಷ ಮೆತ್ತಗಿದ್ದವರು ಎಪ್ಪತ್ತನಾಲ್ಕರಲ್ಲಿ ಸಂಶಯಪಿಶಾಚಿ ಆದರೆ ಅದು ಸ್ವಭಾವವಲ್ಲ. ಬೇರೆ ಕಾರಣ ಸಿಗುವವರೆಗೆ ಅದನ್ನು ಮಿದುಳಿನ ಅಥವಾ ದೇಹದ ತೊಂದರೆ ಎಂದೇ ಹಿಡಿದು ಹುಡುಕಬೇಕು. ಮನೆಯವರು ಈ ಒಂದು ವಿಷಯದಲ್ಲಿ ಕರಾರುವಾಕ್ಕಾಗಿದ್ದರೆ ಸಾಕು: ಇದು ಹಳೆಯದೋ, ಹೊಸದೋ?

ಪ್ರಕ್ಷೇಪಣೆ ಎಂದರೆ ತನ್ನೊಳಗಿನ ಆಸೆ, ದ್ವೇಷವನ್ನು ಇನ್ನೊಬ್ಬರಲ್ಲಿ ಕಾಣುವುದು. ನಿಮ್ಮ ಅತ್ತೆಯ ವಿಷಯದಲ್ಲಿ ಆಗುತ್ತಿರುವುದು ಇನ್ನೂ ಸರಳ ಇರಬಹುದು. ಬಳೆಯನ್ನು ಜೋಪಾನ ಮಾಡಲೆಂದು ತಾವೇ ಬಚ್ಚಿಟ್ಟರು, ಇಟ್ಟದ್ದು ಮರೆಯಿತು, ಮರೆತದ್ದೂ ನೆನಪಿಲ್ಲ. ಬಳೆ ಇಲ್ಲ ಎಂಬುದೊಂದೇ ಅವರ ಪಾಲಿಗೆ ಉಳಿದ ಸತ್ಯ. ಕದ್ದಿದ್ದಾರೆ ಎಂಬುದು ಆ ಖಾಲಿ ಜಾಗಕ್ಕೆ ಮನಸ್ಸು ತುಂಬಿದ ಮಣ್ಣು. ಕಳ್ಳತನದ ಈ ಭ್ರಮೆ ಆಲ್‌ಜೈಮರ್ ಮರೆಗುಳಿತನದಲ್ಲಿ ಬಹಳ ಸಾಮಾನ್ಯ, ಹತ್ತಿರ ನಿಂತು ಸೇವೆ ಮಾಡುವವರ ಮೇಲೇ ಆರೋಪ ಬರುವುದೂ ಸಾಮಾನ್ಯ. ನಿಮ್ಮ ಮೇಲೆ ಬಂದಿದೆ ಎಂದರೆ ನೀವು ಹೆಚ್ಚು ಹತ್ತಿರ ಇದ್ದೀರಿ ಎಂದಷ್ಟೇ ಅರ್ಥ.

ನಿರಾಕರಣೆಗೂ ಮಿದುಳಿನ ಅರಿವುಗೇಡಿಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಫ್ರಾನ್ಸಿನ ನರವೈದ್ಯ ಜೋಸೆಫ್ ಬಾಬಿನ್‌ಸ್ಕಿ 1914ರಲ್ಲಿ ‘ಅನೋಸೋಗ್ನೋಸಿಯಾ’ ಎಂದು ಹೆಸರಿಟ್ಟರು. ಪಾರ್ಶ್ವವಾಯು ಬಡಿದ ಕೈ ಅಲ್ಲಾಡದಿದ್ದರೂ ‘ಚೆನ್ನಾಗಿದೆ’ ಎನ್ನುವ ರೋಗಿಗಳನ್ನು ಅವರು ನೋಡಿದ್ದರು. ನಿರಾಕರಿಸುವವರನ್ನು ಕೆಣಕಿದರೆ ಚಡಪಡಿಸುತ್ತಾರೆ, ಸಿಡುಕುತ್ತಾರೆ, ಮಾತು ಬದಲಿಸುತ್ತಾರೆ. ಅಂದರೆ ಒಳಗೆಲ್ಲೋ ಗೊತ್ತಿದೆ. ಅರಿವುಗೇಡಿನಲ್ಲಿ ಅಂಥ ತಳಮಳ ಕಡಿಮೆ. ಮರೆವಿಲ್ಲ ಎಂದು ತಣ್ಣಗೆ ಹೇಳುತ್ತಾರೆ, ಏಕೆಂದರೆ ತಪ್ಪನ್ನು ಗುರುತಿಸುವ ಮಿದುಳಿನ ಭಾಗಕ್ಕೇ ಏಟು ಬಿದ್ದಿದೆ. ಬುದ್ಧಿ ಹೇಳಿ ತಿದ್ದಲು ಬರುವುದಿಲ್ಲ.

ಮೊದಲು ವೇಗ ನೋಡಿ. ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಗೊಂದಲ ಶುರುವಾಗಿ, ಹಗಲು ಸ್ವಲ್ಪ ತಿಳಿಯಾಗಿ ರಾತ್ರಿ ಏರಿದರೆ ಅದು ಸನ್ನಿ. ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿತ, ಮಲಬದ್ಧತೆ, ಹೊಸದಾಗಿ ಶುರುವಾದ ಮಾತ್ರೆ, ಇವುಗಳಲ್ಲಿ ಒಂದು ಸಾಮಾನ್ಯವಾಗಿ ಸಿಗುತ್ತದೆ. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು.

ನಿಮ್ಮದು ಎಂಟು ತಿಂಗಳ ಕಥೆ, ಆದ್ದರಿಂದ ಸಿದ್ಧತೆ ಮಾಡಿಕೊಂಡು ಹೋಗಿ. ಒಂದು ವಾರ ಸಣ್ಣ ಪುಸ್ತಕದಲ್ಲಿ ಏನಾಯಿತು, ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಬರೆಯಿರಿ. ಮನೆಯಲ್ಲಿರುವ ಅವರ ಎಲ್ಲ ಮಾತ್ರೆಗಳನ್ನೂ, ಮೆಡಿಕಲ್ ಶಾಪಿನಿಂದ ತಾವೇ ತರಿಸಿಕೊಂಡ ನಿದ್ದೆ ಮಾತ್ರೆ, ಶೀತದ ಮಾತ್ರೆ ಸೇರಿಸಿ, ಒಂದೇ ಚೀಲದಲ್ಲಿ ಒಯ್ಯಿರಿ. ಅಲರ್ಜಿ, ಮೂತ್ರದ ಅವಸರ, ಕೈನಡುಕಕ್ಕೆ ಕೊಡುವ ಕೆಲವು ಮಾತ್ರೆಗಳು ವೃದ್ಧರ ನೆನಪನ್ನು ಮಸುಕು ಮಾಡುತ್ತವೆ. ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ (135ರಿಂದ 145 ಸರಿಯಾದ ಮಟ್ಟ), ಥೈರಾಯ್ಡ್‌ನ ಟಿಎಸ್‌ಎಚ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ವಿಟಮಿನ್ ಬಿ12 ನೋಡಿಸಬೇಕು. ಶುದ್ಧ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆ ನುಂಗಿದವರಲ್ಲಿ ಬಿ12 ಕೊರತೆ ಹೆಚ್ಚು. ತಲೆಯ ಸ್ಕ್ಯಾನ್ ಬೇಕಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಎಲ್ಲರೂ ಮರೆತಿರುತ್ತಾರೆ, ವಾರಗಳ ನಂತರವೂ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೇರಿ ವರ್ತನೆ ಬದಲಾಗಬಹುದು. ಕಿವಿ ತೋರಿಸಿ. ಅರ್ಧ ಮಾತು ಮಾತ್ರ ಕೇಳುವವರಿಗೆ ಪಕ್ಕದ ಕೋಣೆಯ ನಗುವೆಲ್ಲ ತಮ್ಮ ಬಗ್ಗೆಯೇ ಅನ್ನಿಸುತ್ತದೆ. ಕಿವಿಯ ಗುಗ್ಗೆ ತೆಗೆಸಿದ್ದರಿಂದಲೇ ಅರ್ಧ ಸಂಶಯ ಇಳಿದದ್ದುಂಟು. ನೆನಪಿನ ಪರೀಕ್ಷೆ ಕನ್ನಡದಲ್ಲೇ ಆಗಲಿ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಕಟ್ಟು ಕನ್ನಡದಲ್ಲೂ ಇದೆ. ಇಂಗ್ಲಿಷ್ ಪರೀಕ್ಷೆಯ ಅಂಕ ನೋಡಿ ಕಡಿಮೆ ಓದಿದವರನ್ನು ಮರೆಗುಳಿಗಳೆಂದು ತೀರ್ಮಾನಿಸುವುದು ಅನ್ಯಾಯ.

ಮನೆಯಲ್ಲಿ ‘ಇಲ್ಲ, ಯಾರೂ ಕದ್ದಿಲ್ಲ’ ಎಂದು ವಾದಿಸಬೇಡಿ. ‘ಹೌದು, ಅವಳೇ ಕದ್ದಳು’ ಎಂದು ತಲೆಯಾಡಿಸಲೂ ಬೇಡಿ. ‘ಬಳೆ ಕಾಣದಿದ್ದರೆ ಜೀವ ಕಳವಳ ಆಗತ್ತೆ ಅತ್ತೆ, ಬನ್ನಿ, ಇಬ್ಬರೂ ಹುಡುಕೋಣ’ ಎನ್ನಿ, ಬಳೆ ಅವರ ಕೈಗೇ ಸಿಗುವಂತೆ ನೋಡಿಕೊಳ್ಳಿ. ನೀವು ತೆಗೆದುಕೊಟ್ಟರೆ ನೀವೇ ಕಳ್ಳಿ. ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ನಾಲ್ಕೈದೇ: ಅಕ್ಕಿ ಡಬ್ಬ, ದಿಂಬಿನ ಚೀಲ, ದೇವರ ಪಟದ ಹಿಂದೆ, ಸೀರೆಯ ಮಡಿಕೆ, ಕಸದ ಬುಟ್ಟಿ. ಕೊನೆಯದನ್ನು ಚೆಲ್ಲುವ ಮೊದಲು ದಿನಾ ನೋಡಿ. ಚಿನ್ನವನ್ನು ಲಾಕರಿನಲ್ಲಿಟ್ಟು ಅದೇ ನಮೂನೆಯ ಗಿಲೀಟು ಬಳೆ ಕೊಡಬಹುದು. ಸಂಜೆ ಐದಾಗುತ್ತಲೇ ದೀಪ ಹಚ್ಚಿ, ಮಬ್ಬುಗತ್ತಲೆ ಸಂಶಯವನ್ನು ಏರಿಸುತ್ತದೆ. ಕೆಲಸದಾಕೆಗೆ ವಿಷಯ ಬಿಡಿಸಿ ಹೇಳಿ. ಪೊಲೀಸು, ಕೆಲಸದಿಂದ ಬಿಡಿಸುವುದು ಯಾವುದೂ ಬೇಡ.

ಭ್ರಮೆ ತಗ್ಗಿಸುವ ಮಾತ್ರೆಗಳನ್ನು ಅವಸರದಲ್ಲಿ ಬೇಡಬೇಡಿ. ಮರೆಗುಳಿತನವಿರುವ ವೃದ್ಧರಲ್ಲಿ ಅವು ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಹೊಡೆದಾಟ, ಊಟ ಬಿಡುವುದು, ಅವರಿಗೇ ವಿಪರೀತ ಹೆದರಿಕೆ ಇದ್ದಾಗ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಕೊಟ್ಟ ಮೇಲೆ ಮೂರ್ನಾಲ್ಕು ತಿಂಗಳೊಳಗೆ ‘ಇನ್ನೂ ಬೇಕೇ?’ ಎಂದು ನೀವೇ ನೆನಪಿಸಿ ಕೇಳಿ.

ಮನಶ್ಶಾಸ್ತ್ರದ ವಿದ್ಯಾರ್ಥಿ. ರಕ್ಷಣಾ ತಂತ್ರಗಳಿಗೂ ವಯಸ್ಸಿಗೂ ಸಂಬಂಧ ಇದೆ ಎಂದು ಯಾರು ತೋರಿಸಿದರು? ಅಳೆಯುವ ಮಾಪನ ಯಾವುದು?
— ಧಾರವಾಡ

‘ರಕ್ಷಣೆ’ ಎಂಬ ಪದವನ್ನು ಈ ಅರ್ಥದಲ್ಲಿ ಸಿಗ್ಮಂಡ್ ಫ್ರಾಯ್ಡ್ 1894ರಲ್ಲಿ ಬಳಸಿದರು. ಮಗಳು ಆ್ಯನಾ ಫ್ರಾಯ್ಡ್ 1936ರಲ್ಲಿ ಈ ತಂತ್ರಗಳನ್ನು ಪಟ್ಟಿ ಮಾಡಿ ವಿವರಿಸಿದರು. ವಯಸ್ಸಿನ ಜೊತೆ ಅವು ಬಲಿಯುತ್ತವೆ ಎಂಬುದಕ್ಕೆ ಹೆಚ್ಚಾಗಿ ಉಲ್ಲೇಖವಾಗುವ ಆಧಾರ ಅಮೆರಿಕದ ಮನೋವೈದ್ಯ ಜಾರ್ಜ್ ವೇಲೆಂಟ್ ಅವರ ಕೆಲಸ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ, 268 ವಿದ್ಯಾರ್ಥಿಗಳನ್ನು ಜೀವನಪೂರ್ತಿ ಹಿಂಬಾಲಿಸಿದ ಅಧ್ಯಯನವನ್ನು ಅವರು ಮುಂದುವರಿಸಿದರು. ತಂತ್ರಗಳನ್ನು ನಾಲ್ಕು ಮೆಟ್ಟಿಲಾಗಿ ಜೋಡಿಸಿದರು. ತೀರಾ ಕೆಳಗೆ ವಾಸ್ತವವನ್ನೇ ತಿರುಚುವ ಭ್ರಮೆಯ ಮಟ್ಟದವು. ಅದರ ಮೇಲೆ ಅಪಕ್ವ ತಂತ್ರಗಳು: ಪ್ರಕ್ಷೇಪಣೆ, ಯೋಚಿಸದೆ ವರ್ತಿಸಿಬಿಡುವುದು, ಮೌನದಲ್ಲೇ ಸೇಡು ತೀರಿಸುವುದು, ಹಗಲುಗನಸು. ನಂತರ ನರರೋಗ ಮಟ್ಟದವು: ದಮನ, ಸ್ಥಾನಪಲ್ಲಟ, ಭಾವನೆ ಬಿಟ್ಟು ಬರೀ ಬುದ್ಧಿಯ ಮಾತಾಡುವುದು. ಮೇಲೆ ಪಕ್ವ ತಂತ್ರಗಳು: ಹಾಸ್ಯ, ಪರೋಪಕಾರ, ಉದಾತ್ತೀಕರಣ (ಒಳಗಿನ ಆವೇಗವನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸುವುದು), ಮುಂದಾಲೋಚನೆ, ತಿಳಿದೇ ಬದಿಗಿಡುವುದು. ಹದಿಹರೆಯದಲ್ಲಿ ಅವರ ಗುಂಪಿನವರು ಪಕ್ವ ತಂತ್ರಗಳಿಗಿಂತ ಅಪಕ್ವವನ್ನು ಇಮ್ಮಡಿ ಬಳಸುತ್ತಿದ್ದರು. ನಡುವಯಸ್ಸಿಗೆ ಲೆಕ್ಕ ತಿರುಗಿ, ಪಕ್ವವು ಅಪಕ್ವದ ನಾಲ್ಕು ಪಟ್ಟಾಯಿತು. ಆದರೆ ಎಲ್ಲರೂ ಗಂಡಸರು, ಎಲ್ಲರೂ ಹಾರ್ವರ್ಡ್‌ನವರು ಎಂಬುದನ್ನು ಉತ್ತರಪತ್ರಿಕೆಯಲ್ಲಿ ಬರೆಯಲು ಮರೆಯಬೇಡಿ.

ಮಾಪನಕ್ಕೆ ಡಿಎಸ್‌ಕ್ಯೂ-40 ಎಂಬ ಪ್ರಶ್ನಾವಳಿ ನೋಡಿ, 1993ರದು. 40 ವಾಕ್ಯ, 20 ತಂತ್ರ, ಒಂದೊಂದಕ್ಕೆ ಎರಡು ವಾಕ್ಯ, 1ರಿಂದ 9ರ ಅಂಕ, ಎರಡರ ಸರಾಸರಿಯೇ ಆ ತಂತ್ರದ ಅಂಕ. ಅದರ ಹುಳುಕು ನೀವೇ ಊಹಿಸಬಹುದು: ತನಗೇ ತಿಳಿಯದೆ ಮಾಡುವುದನ್ನು ತಾನೇ ಹೇಳಬೇಕು! ಅದಕ್ಕೆ ಸಂದರ್ಶನ ನೋಡಿ ಬೇರೆಯವರು ಅಂಕ ಕೊಡುವ ಮಾಪನಗಳೂ ಇವೆ. ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂನ ನಾಲ್ಕನೆಯ ಆವೃತ್ತಿ (1994) ಏಳು ಮಟ್ಟಗಳ ರಕ್ಷಣಾ ಮಾಪನವೊಂದನ್ನು ಅನುಬಂಧದಲ್ಲಿ ಸೇರಿಸಿತ್ತು, 2013ರ ಐದನೆಯದರಲ್ಲಿ ಅದನ್ನು ಬಿಟ್ಟರು.

ತಂಗಿಗೆ 27. ‘ಬಾರ್ಡರ್‌ಲೈನ್ ಪರ್ಸನಾಲಿಟಿ’ ಅಂದಿದ್ದಾರೆ. ಬೆಳಿಗ್ಗೆ ನಾನು ದೇವರು, ಸಂಜೆ ರಾಕ್ಷಸಿ. ಕೈ ಕೊಯ್ದುಕೊಂಡಿದ್ದೂ ಇದೆ. ವಯಸ್ಸಾದ ಹಾಗೆ ಸರಿಹೋಗುತ್ತದೆಯೇ?
— ಅಕ್ಕ, ಬೆಂಗಳೂರು

ಬಾರ್ಡರ್‌ಲೈನ್ ಎಂಬುದು ಭಾವನೆ, ಸಂಬಂಧ ಎರಡೂ ಹೊಯ್ದಾಡುವ ಒಂದು ವ್ಯಕ್ತಿತ್ವ ದೋಷ. ದೇವರು, ರಾಕ್ಷಸಿ ಎಂಬ ಈ ಎರಡೇ ಬಣ್ಣದ ನೋಟಕ್ಕೆ ವಿಭಜನೆ ಎನ್ನುತ್ತಾರೆ. ಪುಟ್ಟ ಮಗುವಿಗೆ ಹಾಲು ಕೊಡುವ ಅಮ್ಮ, ಗದರುವ ಅಮ್ಮ ಇಬ್ಬರೂ ಒಬ್ಬಳೇ ಎಂದು ಕೂಡಿಸಿಕೊಳ್ಳಲು ಸಮಯ ಬೇಕು. ಆ ಕೂಡಿಕೆ ಗಟ್ಟಿಯಾಗದೆ ಉಳಿದರೆ ದೊಡ್ಡವರಾದ ಮೇಲೂ ಪ್ರೀತಿಸುವವರ ಸಣ್ಣ ತಪ್ಪು ಪೂರ್ತಿ ದ್ರೋಹವಾಗಿ ಕಾಣುತ್ತದೆ ಎಂದು ಮನೋವಿಶ್ಲೇಷಕ ಆಟೋ ಕರ್ನ್‌ಬರ್ಗ್ ಮೊದಲಾದವರು ವಿವರಿಸಿದರು. ವಿಭಜನೆ ಎಲ್ಲರಲ್ಲೂ ಆಗಾಗ ಇರುತ್ತದೆ, ಚುನಾವಣೆ ಹೊತ್ತಿನಲ್ಲಿ ಸ್ವಲ್ಪ ಹೆಚ್ಚು. ದೋಷ ಎನ್ನುವುದು ಬೇರೆ ತಂತ್ರ ಕೈಗೆ ಸಿಗದೆ ಎಲ್ಲ ಸಂಬಂಧದಲ್ಲೂ ಅದೊಂದೇ ಉಳಿದು, ಬದುಕು ಕೆಟ್ಟಾಗ.

ವಯಸ್ಸಿನ ಪ್ರಶ್ನೆಗೆ ಒಳ್ಳೆಯ ಸುದ್ದಿ ಇದೆ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ತಂಡ 290 ಬಾರ್ಡರ್‌ಲೈನ್ ರೋಗಿಗಳನ್ನು ಹಿಂಬಾಲಿಸಿತು. ಹತ್ತು ವರ್ಷದೊಳಗೆ ಶೇ 93 ಮಂದಿಯಲ್ಲಿ ಕನಿಷ್ಠ ಎರಡು ವರ್ಷ ಲಕ್ಷಣಗಳು ತಗ್ಗಿದ್ದವು. ಆದರೆ ಲಕ್ಷಣವೂ ತಗ್ಗಿ, ಕೆಲಸ, ಸ್ನೇಹ, ಸಂಸಾರ ಎಲ್ಲ ನೆಟ್ಟಗಾದವರು ಶೇ 50 ಮಾತ್ರ. ದುಡುಕು, ಕೈ ಕೊಯ್ದುಕೊಳ್ಳುವುದು ಬೇಗ ಇಳಿಯುತ್ತವೆ. ಒಂಟಿತನದ ಭಯ, ಒಳಗಿನ ಖಾಲಿತನ ಬಹಳ ಕಾಲ ಉಳಿಯುತ್ತವೆ. ಕಾಯುತ್ತ ಕೂರುವುದಕ್ಕೆ ಇದು ಕಾರಣವಲ್ಲ, ಆತ್ಮಹತ್ಯೆಯ ಅಪಾಯ ನಡುವಿನ ಆ ವರ್ಷಗಳಲ್ಲೇ ಇರುವುದು.

ಈ ದೋಷಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಖಿನ್ನತೆ, ನಿದ್ರೆಗೆ ಕೊಡುತ್ತಾರೆ ಅಷ್ಟೆ. ಮೂಲ ಚಿಕಿತ್ಸೆ ಮಾತಿನದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಶಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಪದ್ಧತಿಯಲ್ಲಿ ವಾರಕ್ಕೊಮ್ಮೆ ಒಬ್ಬರೇ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲದ ಪಾಠ, ಸಾಮಾನ್ಯವಾಗಿ ಒಂದು ವರ್ಷ. ನಾಲ್ಕು ಸಲ ಹೋಗಿ ‘ಏನೂ ಆಗಲಿಲ್ಲ’ ಎಂದು ಬಿಡುವುದೇ ಹೆಚ್ಚಿನವರ ಎಡವಟ್ಟು. ದೇವರಾಗಿದ್ದ ಚಿಕಿತ್ಸಕರೂ ಮೂರನೇ ತಿಂಗಳಿಗೆ ರಾಕ್ಷಸರಾಗುತ್ತಾರೆ. ಆ ತಿಂಗಳನ್ನು ದಾಟಿಸುವುದರಲ್ಲೇ ಚಿಕಿತ್ಸೆ ಇದೆ.

ನಿಮ್ಮ ಪಾಲಿನದು: ದೇವರಾದ ದಿನ ಹೊಸ ಭರವಸೆ ಕೊಡಬೇಡಿ, ರಾಕ್ಷಸಿಯಾದ ದಿನ ಹಳೆಯದನ್ನು ಹಿಂತೆಗೆಯಬೇಡಿ. ‘ರಾತ್ರಿ ಹತ್ತರ ನಂತರ ಫೋನ್ ಎತ್ತಲ್ಲ, ಬೆಳಿಗ್ಗೆ ಏಳಕ್ಕೆ ನಾನೇ ಮಾಡ್ತೀನಿ’ ಎಂದರೆ ಏಳಕ್ಕೆ ಮಾಡಲೇಬೇಕು. ಜೀವದ ಅಪಾಯಕ್ಕೆ ಮಾತ್ರ ಈ ನಿಯಮ ಅನ್ವಯಿಸದು. ಮೊದಲು ನೋವನ್ನು ಒಪ್ಪಿ (‘ನಾನು ಬರದೇ ಇದ್ದದ್ದು ನಿನಗೆ ತುಂಬ ನೋವಾಯ್ತು’), ಆಮೇಲೆ ಮಿತಿ ಹೇಳಿ. ತಿರುವುಮುರುವಾದರೆ ಕಿವಿಗೆ ಬೀಳುವುದು ಮಿತಿ ಮಾತ್ರ. ಅಪ್ಪ, ಅಮ್ಮ, ನೀವು ಮೂವರೂ ಒಂದೇ ನಿಯಮ ಇಟ್ಟುಕೊಳ್ಳದಿದ್ದರೆ ಮನೆಯೇ ಎರಡು ಪಕ್ಷವಾಗುತ್ತದೆ. ಮಾತ್ರೆ ಒಂದು ವಾರದಷ್ಟು ಮಾತ್ರ ಅವಳ ಕೈಯಲ್ಲಿರಲಿ. ಅವಳು ಶಾಂತವಾಗಿರುವಾಗ ಒಂದು ಹಾಳೆಯಲ್ಲಿ ಮುನ್ಸೂಚನೆ ಏನು, ತಾನೇ ಏನು ಮಾಡಬಲ್ಲೆ, ಯಾರಿಗೆ ಫೋನ್, ಯಾವ ಆಸ್ಪತ್ರೆ ಎಂದು ಅವಳಿಂದಲೇ ಬರೆಸಿ. ಅದರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇರಲಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡುತ್ತಾರೆ.

ಯೂಟ್ಯೂಬ್ ವಿಡಿಯೊದಲ್ಲಿ ಹೇಳಿದ ಒಂಬತ್ತು ಲಕ್ಷಣಗಳಲ್ಲಿ ಏಳು ನಮ್ಮ ಅತ್ತೆಗಿವೆ. ಅವರು ನಾರ್ಸಿಸಿಸ್ಟ್, ಅಂದರೆ ಸ್ವಮೋಹಿ ತಾನೇ?
— ಹೆಸರು ಬೇಡ, ತುಮಕೂರು

ನಿಮ್ಮ ಅತ್ತೆಯೂ ಅದೇ ವಿಡಿಯೊ ನೋಡಿದರೆ ಸೊಸೆಯಲ್ಲಿ ಎಂಟು ಕಂಡಾರು. ಲಕ್ಷಣ ಎಣಿಸಿದರೆ ರೋಗನಿರ್ಣಯವಾಗದು. ಹಲವು ವರ್ಷಗಳಿಂದ, ಹಲವು ಸಂಬಂಧಗಳಲ್ಲಿ, ಬದುಕಿಗೆ ಧಕ್ಕೆಯಾಗುವಷ್ಟು ಇದೆಯೇ ಎಂಬುದನ್ನು ನೇರ ಭೇಟಿಯಲ್ಲಿ ನೋಡಬೇಕು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಅಂತೂ ನಾರ್ಸಿಸಿಸ್ಟ್ ಎಂಬ ಪ್ರತ್ಯೇಕ ಹಣೆಪಟ್ಟಿಯನ್ನೇ ಇಟ್ಟುಕೊಂಡಿಲ್ಲ. ಸೌಮ್ಯ, ಮಧ್ಯಮ, ತೀವ್ರ ಎಂದು ದೋಷದ ತೀವ್ರತೆ ಹೇಳಿ, ಸ್ವಭಾವದ ಎಳೆಗಳನ್ನು ಸೇರಿಸುತ್ತದೆ. ನಿಮಗೆ ಯಾವ ವರ್ತನೆ ಸಹಿಸಲಾಗದು ಎಂದು ಒಂದು ವಾಕ್ಯದಲ್ಲಿ ಬರೆದು ಕಳಿಸಿ, ಅದಕ್ಕೆ ಉತ್ತರಿಸಬಹುದು.

ಅಪ್ಪನಿಗೆ 71. ಜೀವನವಿಡೀ ಶಿಸ್ತು, ಲೆಕ್ಕ, ಕ್ರಮ. ಅಮ್ಮ ತೀರಿಕೊಂಡ ಮೇಲೆ ಅತಿಯಾಗಿದೆ. ಮೂವರು ಹೋಮ್ ನರ್ಸ್ ಬಿಟ್ಟುಹೋದರು. ಹಳೇ ಪೇಪರ್ ಕಟ್ಟುಗಳು ಸೀಲಿಂಗ್ ಮುಟ್ಟಿವೆ. ವಯಸ್ಸಾದಂತೆ ಜನ ಮೆತ್ತಗಾಗುತ್ತಾರೆ ಅಂತಾರಲ್ಲ?
— ಮಗ, ಪುತ್ತೂರು

ಎಲ್ಲ ಎಳೆಗಳೂ ಒಂದೇ ತೆರ ಮೆತ್ತಗಾಗುವುದಿಲ್ಲ. ಸಿಡಿಯುವ, ದುಡುಕುವ ಸ್ವಭಾವ ಸಾಮಾನ್ಯವಾಗಿ ತಗ್ಗುತ್ತದೆ. ಕಟ್ಟುನಿಟ್ಟು ಮತ್ತು ಸಂಶಯ ಹಾಗೇ ಉಳಿಯುತ್ತವೆ, ಕೆಲವರಲ್ಲಿ ಏರುತ್ತವೆ. ಕಾರಣ ಬಹುಮಟ್ಟಿಗೆ ಹೊರಗಿದೆ. ನೌಕರಿಯಲ್ಲಿ ಇದೇ ಗುಣಕ್ಕೆ ಬಡ್ತಿ ಸಿಕ್ಕಿತ್ತು. ಮನೆಯಲ್ಲಿ ಅದರ ಚೂಪನ್ನು ಅಮ್ಮ ಮೈಮೇಲೆ ಹಾಕಿಕೊಂಡು ನಡುವೆ ನಿಂತಿದ್ದರು. ಎರಡು ಆಸರೆಯೂ ಬಿದ್ದವು, ದೇಹವೂ ಮಾತು ಕೇಳುತ್ತಿಲ್ಲ. ಹಿಡಿತ ಜಾರಿದಷ್ಟೂ ಹಿಡಿತಕ್ಕೆ ಸಿಗುವ ಸಣ್ಣ ವಸ್ತುಗಳ ಮೇಲೆ ಕೈ ಬಿಗಿಯಾಗುತ್ತದೆ. ದುಃಖದ ಬದಲು ಲೆಕ್ಕ ಮಾತಾಡುತ್ತಿದೆ.

ನರ್ಸ್ ಬಂದ ಮೊದಲ ದಿನವೇ ಅಪ್ಪನ ಜೊತೆ ಕುಳಿತು ಅವರ ಕೈಯಲ್ಲೇ ವೇಳಾಪಟ್ಟಿ ಬರೆಸಿ: ಸ್ನಾನ ಎಷ್ಟು ಗಂಟೆಗೆ, ಗಂಜಿ ಯಾವ ಪಾತ್ರೆಯಲ್ಲಿ, ಯಾವ ಕಪಾಟು ಮುಟ್ಟಬಾರದು. ವಾರಕ್ಕೆ ಒಂದೇ ಬದಲಾವಣೆ. ‘ಸ್ನಾನ ಮಾಡಿ’ ಎನ್ನುವ ಬದಲು ‘ಏಳಕ್ಕಾ, ಎಂಟಕ್ಕಾ?’ ಎಂದು ಕೇಳುವುದನ್ನು ನರ್ಸಿಗೂ ಕಲಿಸಿ. ಅವರು ಆಸ್ಪತ್ರೆಗೆ ಹೋದಾಗ ಪೇಪರ್ ಗುಜರಿಗೆ ಹಾಕಿಬಿಡುವ ಯೋಚನೆ ಇದ್ದರೆ ಬಿಡಿ, ಮರುವಾರ ಎರಡರಷ್ಟು ಸೇರುತ್ತದೆ, ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಬೆಂಕಿ ಮತ್ತು ಬೀಳುವ ಅಪಾಯದಿಂದ ಶುರುಮಾಡಿ: ಗ್ಯಾಸ್ ಒಲೆ, ಸ್ವಿಚ್‌ಬೋರ್ಡ್ ಸುತ್ತ ಖಾಲಿ, ಹಾಸಿಗೆಯಿಂದ ಬಚ್ಚಲಿಗೆ ಮೂರು ಅಡಿ ಅಗಲದ ದಾರಿ. ‘ಅಗ್ನಿ ಅನಾಹುತ ತಡೆಯುವ ಕ್ರಮ’ ಎಂದರೆ ಅವರಿಗೆ ಒಪ್ಪಿಗೆಯಾದೀತು, ‘ಕಸ’ ಅಂದರೆ ಆಗದು. ದಿನಕ್ಕೆ ಒಂದು ಕಟ್ಟು, ಅವರೇ ನೋಡಿ, ಅವರೇ ಬಿಟ್ಟುಕೊಡಬೇಕು.

ಪೇಪರ್ ವರ್ಷದ ಪ್ರಕಾರ ಜೋಡಿಸಿದ್ದರೆ ಹಳೆಯ ಸ್ವಭಾವ. ಪೇಪರ್ ಜೊತೆ ಹಾಲಿನ ಪ್ಯಾಕೆಟ್, ಕೊಳೆತ ಹಣ್ಣು ಸೇರುತ್ತಿದ್ದರೆ, ಲೆಕ್ಕ ತಪ್ಪತೊಡಗಿದ್ದರೆ ಮೈಸೂರಿನ ಪತ್ರಕ್ಕೆ ಬರೆದ ಉತ್ತರ ಓದಿ. ಖಿನ್ನತೆಗೆ ಮಾತ್ರೆ ಶುರುಮಾಡಿದರೆ ಎರಡರಿಂದ ನಾಲ್ಕು ವಾರದೊಳಗೆ ಸೋಡಿಯಂ ಪರೀಕ್ಷೆ ತಪ್ಪಿಸಬೇಡಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಅದು ಇಳಿಯುವ ಸಂಭವ ಜಾಸ್ತಿ.

ನನಗೆ 68. ಯಜಮಾನರು ಹೋಗಿ ಐದು ತಿಂಗಳು. ಹಗಲು ಹಪ್ಪಳ ಮಾಡುವ ಗುಂಪಿಗೆ ಹೋಗುತ್ತೇನೆ, ನಗುತ್ತೇನೆ. ಸಂಜೆ ಒಂದು ಗಂಟೆ ಅಳುತ್ತೇನೆ. ಮಗಳು ‘ಅಮ್ಮ, ನೀನು ದುಃಖ ಮುಚ್ಚಿಡ್ತಿದ್ದೀಯ’ ಅಂತಾಳೆ.
— ಶಿರಸಿ

ಮುಚ್ಚಿಡುವುದಕ್ಕೂ ಬದಿಗಿಡುವುದಕ್ಕೂ ಅಂತರವಿದೆ. ದಮನದಲ್ಲಿ ದುಃಖ ಎಲ್ಲಿಟ್ಟೆ ಎಂಬುದೇ ಗೊತ್ತಿರುವುದಿಲ್ಲ, ಅಳು ಬರದೆ ತಲೆನೋವು, ಎದೆನೋವು ಬರುತ್ತದೆ. ನೀವು ಎಲ್ಲಿಟ್ಟಿದ್ದೀರಿ, ಯಾವಾಗ ತೆಗೆಯುತ್ತೀರಿ ಎರಡೂ ನಿಮಗೆ ಗೊತ್ತು. ಹಪ್ಪಳ ಬಿಡಬೇಡಿ, ಸಂಜೆಯ ಒಂದು ಗಂಟೆಯನ್ನೂ ಬಿಡಬೇಡಿ. ತೂಕ ಇಳಿಯುತ್ತಾ ಹೋದರೆ, ಅವರ ಹಿಂದೆಯೇ ಹೋಗಬೇಕು ಅನ್ನಿಸಿದರೆ, ವರ್ಷ ಕಳೆದರೂ ದಿನದ ಹೆಚ್ಚು ಹೊತ್ತು ಅದರಲ್ಲೇ ಮುಳುಗಿದ್ದರೆ ತೋರಿಸಿಕೊಳ್ಳಿ. ಮಗಳಿಗೆ ಈ ಪುಟ ಕೊಡಿ. ಅಪ್ಪನನ್ನು ಕಳೆದುಕೊಂಡವಳು ಅವಳೂ ಹೌದಲ್ಲ, ತನ್ನ ಅಳುವನ್ನು ನಿಮ್ಮಲ್ಲಿ ಹುಡುಕುತ್ತಿರಬಹುದು.

ಅಣ್ಣನಿಗೆ 48. ಎರಡು ವರ್ಷದಿಂದ ಅತ್ತಿಗೆಯ ಮೇಲೆ ವಿಪರೀತ ಸಂಶಯ, ಕುಡಿತವೂ ಇದೆ. ಡಾಕ್ಟರ ಹತ್ತಿರ ಬರಲ್ಲ. ಪರಿಚಿತರೊಬ್ಬರು ಮಾತ್ರೆ ಪುಡಿ ಮಾಡಿ ಸಾಂಬಾರಿನಲ್ಲಿ ಹಾಕಿ ಅಂದರು. ಹಾಕಬಹುದೇ?
— ತಮ್ಮ, ದಾವಣಗೆರೆ

ಬೇಡ. ಒಂದು ದಿನ ತಟ್ಟೆಯ ತಳದಲ್ಲಿ ಪುಡಿ ಕಂಡರೆ ‘ನನಗೆ ವಿಷ ಹಾಕ್ತಿದ್ದಾರೆ’ ಎಂಬ ಸಂಶಯಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ, ಮುಂದೆ ಯಾವ ವೈದ್ಯರನ್ನೂ ನಂಬರು. ಒಂದು ಸೌಟು ತಿಂದರೋ ಮೂರೋ ಗೊತ್ತಾಗದು, ಅದೇ ಸಾಂಬಾರು ಮಕ್ಕಳ ತಟ್ಟೆಗೂ ಹೋಗುತ್ತದೆ. ಈ ಮಾತ್ರೆಗಳಲ್ಲಿ ಕೆಲವು ಮೊದಲ ದಿನಗಳಲ್ಲೇ ಕುತ್ತಿಗೆ ಸೆಟೆದು ತಿರುಚುವಂತೆ ಮಾಡಬಹುದು, ಮಂಪರು ತರಬಹುದು. ಮಾತ್ರೆ ನುಂಗಿದ್ದು ಗೊತ್ತಿಲ್ಲದವರು ಮೇಲೆ ಕುಡಿದು ಬೈಕ್ ಹತ್ತುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಗೆ ಒಪ್ಪಿಗೆ ಬೇಕೆನ್ನುತ್ತದೆ.

ಮೊದಲು ಅತ್ತಿಗೆಯ ಸುರಕ್ಷತೆ. ಕುಡಿತ ಸೇರಿದ ಸಂಶಯ ಹಲ್ಲೆಗೆ ತಿರುಗುವುದುಂಟು. 112 ಮತ್ತು ಮಹಿಳಾ ಸಹಾಯವಾಣಿ 181 ಅವರ ಫೋನಿನಲ್ಲಿರಲಿ, ರಾತ್ರಿ ಹೋಗಬಹುದಾದ ಒಂದು ಮನೆ ಮೊದಲೇ ಗೊತ್ತಾಗಿರಲಿ, ಮಚ್ಚು, ಕೀಟನಾಶಕ ಮನೆಯಿಂದ ಹೊರಗಿರಲಿ.

ಆಮೇಲೆ ಅಣ್ಣ ಬರದಿದ್ದರೂ ನೀವು ಹೋಗಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಯಾವುದು ಹತ್ತಿರವೋ ಅದು. 14416ಕ್ಕೆ ಮನೆಯವರೂ ಕರೆ ಮಾಡಬಹುದು. ಅಣ್ಣನ ಬಳಿ ‘ನಿನಗೆ ಸಂಶಯರೋಗ’ ಎನ್ನದೆ ಅವರೇ ದೂರುವ ವಿಷಯ ಹಿಡಿಯಿರಿ: ನಿದ್ದೆ ಇಲ್ಲ, ಹೊಟ್ಟೆಯುರಿ, ಕೈನಡುಕ. ಅವರು ಗೌರವಿಸುವ ಒಬ್ಬರೇ ಮಾತಾಡಲಿ, ಐದು ಜನ ಸುತ್ತುವರಿಯಬೇಡಿ. ಕುಡಿತವನ್ನು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಬೇಡಿ, ದಿನಾ ಕುಡಿಯುವವರಿಗೆ ಮೂರ್ನಾಲ್ಕು ದಿನದೊಳಗೆ ಫಿಟ್ಸ್, ಸನ್ನಿ ಬರಬಹುದು. ಅಪಾಯ ತೀವ್ರವಾಗಿದ್ದರೆ ಕಾಯ್ದೆಯಲ್ಲಿ ದಾರಿಯಿದೆ. ತುರ್ತಿನಲ್ಲಿ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿಯ (ಕಾಯ್ದೆಯಂತೆ ರೋಗಿಯ ಪರವಾಗಿ ನಿಲ್ಲುವವರ) ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರೂ ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ 30 ದಿನದವರೆಗೆ ಒಳರೋಗಿಯಾಗಿ ಇರಿಸಿಕೊಳ್ಳಬಹುದು.

ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಸಂಶಯ ಯಾವ ತಿಂಗಳು ಶುರುವಾಯಿತು, ಇಪ್ಪತ್ತೈದರ ವಯಸ್ಸಿನಲ್ಲಿ ಹೇಗಿದ್ದರು, ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಬಾರಿ ಕೈ ಎತ್ತಿದ್ದು ಯಾವಾಗ. ಎರಡನೆಯ ಸಾಲನ್ನು ಬರೆಯಲು ಅತ್ತಿಗೆಗಿಂತ ನಿಮ್ಮ ತಾಯಿಯನ್ನು ಕೇಳಿ.